ಆರು ಚಾಪೆಯ ಸಂಸಾರ

ಮನುಷ್ಯನು ಬದುಕುವುದಕ್ಕೆ ಎಷ್ಟು ಸ್ಥಳ ಬೇಕೆಂಬ ಪ್ರಶ್ನೆಗೆ ವಿರಕ್ತರು ಒಂದು ಉತ್ತರವನ್ನೂ, ಮನೆ ಕಟ್ಟುವವರು ಒಂದು ಉತ್ತರವನ್ನೂ, ಬಾಡಿಗೆ ವಸೂಲು ಮಾಡುವವರು ಮತ್ತೊಂದು ಉತ್ತರವನ್ನೂ ಕೊಡುವರು. ಅವರವರ ಕೈಯಿಂದ ಮೂರೂವರೆ ಮೊಳ ಸಾಕೆಂಬುದು ವಿರಕ್ತರ ಲೆಕ್ಕ. ಗೃಹಸ್ಥನಿಗೆ ಈ ಲೆಕ್ಕ ಸಾಲದು. ಅವನ ಮನೆಯಲ್ಲಿ ಒಲೆ ಉರಿಯಬೇಕು, ದೀಪ ಬೆಳಗಬೇಕು, ಬಂದವರು ಕುಳಿತುಕೊಳ್ಳಬೇಕು; ಮುನಿಸಿಕೊಂಡವರು ಮುಖ ತಿರುಗಿಸಿಕೊಳ್ಳುವುದಕ್ಕೂ ಒಂದು ಮೂಲೆ ಬೇಕು.

ಈಚೆಗೆ ನಮ್ಮ ನಾಡಿನ ಉಪಾಧ್ಯಾಯರೂ ಉಪಾಧ್ಯಾಯಿನಿಯರೂ ವೃತ್ತಿಗಾಗಿ ಕಡಲಾಚೆಗೆ ಹೋಗುವುದು ಸಾಮಾನ್ಯವಾಗಿದೆ. ಹೊರಡುವ ಮುನ್ನ ಅವರು ಸಂಬಳವೆಷ್ಟು, ಚಳಿಯೆಷ್ಟು, ಅಕ್ಕಿ ಬೇಳೆ ದೊರೆಯುವುದೋ ಇಲ್ಲವೋ ಎಂಬುದನ್ನೆಲ್ಲ ವಿಚಾರಿಸುವರು. ವಾಸಮಾಡತಕ್ಕ ಮನೆಯ ಅಳತೆಯನ್ನು ವಿಚಾರಿಸುವವರು ವಿರಳ. ಹೋಗಿ ಇಳಿದ ಮೇಲೆ ಮೊದಲು ಎದುರಾಗುವುದಾದರೋ ಅದೇ. ನಾವು ಶಾಲೆಯ ಸೇವೆಯಿಂದ ಬಿಡುವು ಹೊಂದಿದ ತರುವಾಯ, ೨೦೨೩ರ ಏಪ್ರಿಲಿನಿಂದ ಎರಡು ವರ್ಷಕಾಲ, ಜಪಾನಿನ ರಾಜಧಾನಿಯಾದ ಟೋಕಿಯೋ ನಗರದಲ್ಲಿ ಭಾರತೀಯ ಮಕ್ಕಳ ಶಾಲೆಯೊಂದರಲ್ಲಿ ಸಂಸ್ಕೃತವನ್ನು ಬೋಧಿಸುತ್ತ, ಪತ್ನೀಸಮೇತರಾಗಿ ಆರು ಚಾಪೆಯ ಒಂದು ಕೋಣೆಯಲ್ಲಿ ವಾಸಮಾಡಿದೆವು. ಹೊರಡಲಿರುವವರಿಗೂ, ಅವರನ್ನು ಕಳುಹಿಸಿಕೊಡುವ ತಂದೆತಾಯಿಗಳಿಗೂ ಉಪಯೋಗವಾಗಬಹುದಾದ ಕೆಲವು ವಿಷಯಗಳನ್ನು ಆ ಅನುಭವದಿಂದ ಆಯ್ದು ಇಲ್ಲಿ ನಿವೇದಿಸುತ್ತೇವೆ.

ಆರು ಚಾಪೆ ಎಂದರೇನೆಂಬುದನ್ನು ಮೊದಲು ತಿಳಿಸಬೇಕು. ನಮ್ಮ ಹಿರಿಯರು ಮನೆಯನ್ನು ಅಡಿಗಳಿಂದ ಅಳೆಯುತ್ತಿರಲಿಲ್ಲ, ಅಂಕಣಗಳಿಂದ ಅಳೆಯುತ್ತಿದ್ದರು. ಕಂಬದಿಂದ ಕಂಬಕ್ಕೆ ಇರುವ ಎಡೆಯೇ ಅಂಕಣ. ಇಂಥವರದು ಹನ್ನೆರಡು ಅಂಕಣದ ಮನೆ ಎಂದರೆ ಆ ಸಂಸಾರದ ಗಾತ್ರವೂ ಯೋಗ್ಯತೆಯೂ ಒಂದೇ ಮಾತಿನಲ್ಲಿ ತಿಳಿದುಹೋಗುತ್ತಿತ್ತು. ಜಪಾನೀಯರಲ್ಲಿಯೂ ಇದೇ ಕ್ರಮವುಂಟು. ಕಂಬಗಳ ನಡುವಣ ಎಡೆಯನ್ನು ಅವರು ‘ಕೆನ್’ ಎನ್ನುವರು. ಈಗಿನ ಲೆಕ್ಕದಲ್ಲಿ ಅದು ಸುಮಾರು ಆರು ಅಡಿ. ‘ತತಾಮಿ’ ಎಂಬ ಹುಲ್ಲಿನ ದಪ್ಪ ಚಾಪೆಯು ಹೆಚ್ಚುಕಡಮೆ ಒಂದು ಕೆನ್ ಉದ್ದ, ಅರ್ಧ ಕೆನ್ ಅಗಲ. ಎಂದರೆ ಒಬ್ಬನು ಕಾಲು ಚಾಚಿ ಮಲಗುವಷ್ಟು. ನಮ್ಮಲ್ಲಿ ಅಂಕಣದ ಅಳತೆ ಸೀಮೆಯಿಂದ ಸೀಮೆಗೆ ಬೇರೆಯಾಗಿದ್ದಂತೆ ಅಲ್ಲಿಯೂ ಕ್ಯೋಟೋ ನಗರದ ಚಾಪೆ ತುಸು ದೊಡ್ಡದು, ಟೋಕಿಯೋದ ಚಾಪೆ ತುಸು ಚಿಕ್ಕದು. ಹೊಸ ಕಟ್ಟಡಗಳಲ್ಲಿ ನೆಲಕ್ಕೆ ಮರದ ಹಲಗೆ ಹಾಸಿದ್ದರೂ ಕೋಣೆಯ ಅಳತೆಯನ್ನು ಮಾತ್ರ ಇಂದಿಗೂ ಚಾಪೆಯ ಲೆಕ್ಕದಿಂದಲೇ ಹೇಳುವರು. ಆರು ಚಾಪೆಯೆಂದರೆ ಸುಮಾರು ೧೦ ಚದರ ಮೀಟರು. ನಮ್ಮ ಲೆಕ್ಕದಲ್ಲಿ ನೂರು ಚದರಡಿಗೆ ಸ್ವಲ್ಪ ಮಿಕ್ಕುದು.

ಇದಲ್ಲದೆ ನಮ್ಮ ಪಾಲಿಗೆ ಬಂದವುಗಳೆಂದರೆ, ಬಾಗಿಲೊಳಗೆ ಪಾದರಕ್ಷೆ ಬಿಡುವ ಒಂದು ತಗ್ಗು, ಒಂದೇ ಒಲೆಯುಳ್ಳ ಅಡಿಗೆಯ ಓಣಿ, ಬಟ್ಟೆ ಒಣಗಿಸುವ ಒಂದು ಕಿರು ಮೊಗಸಾಲೆ, ಸ್ನಾನಕ್ಕೂ ಶೌಚಕ್ಕೂ ಒಂದೇ ಆಗಿರುವ ಒಂದು ಪೆಟ್ಟಿಗೆ. ಪೆಟ್ಟಿಗೆಯೆಂದುದು ಉತ್ಪ್ರೇಕ್ಷೆಯಲ್ಲ. ಕಾರ್ಖಾನೆಯಲ್ಲಿ ಭಾಗಭಾಗವಾಗಿ ಅಚ್ಚುಹಾಕಿ ತಂದು ಕಟ್ಟಡದೊಳಗೆ ಕೂಡಿಸುವ ಈ ಸ್ನಾನಗೃಹವು ೧೯೬೪ರ ಟೋಕಿಯೋ ಒಲಿಂಪಿಕ್ ಕ್ರೀಡೆಗಳ ಕಾಲದಲ್ಲಿ, ಒಂದು ದೊಡ್ಡ ಹೋಟೆಲನ್ನು ಬೇಗ ಮುಗಿಸಬೇಕೆಂಬ ಅವಸರದಲ್ಲಿ ಬಳಕೆಗೆ ಬಂದು, ಅನಂತರ ಮನೆಮನೆಗೂ ಹರಡಿತು. ಎಲ್ಲವೂ ಸೇರಿ ನಮ್ಮ ಬಿಡಾರ ೨೦ ಚದರ ಮೀಟರು. ಅಲ್ಲಿಯ ಸರ್ಕಾರವೇ ನಿಗದಿಮಾಡಿರುವ ಕನಿಷ್ಠ ಅಳತೆಯಾದರೋ ಒಬ್ಬನಿಗೆ ೨೫, ಇಬ್ಬರಿಗೆ ೩೦ ಚದರ ಮೀಟರು. ರಾಜಧಾನಿಯ ಬಾಡಿಗೆಯು ಈ ನಿಯಮವನ್ನು ಅರಿಯದು.

ಹೀಗೇಕೆಂದು ಕೇಳಿದರೆ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ೧೯೨೩ರ ಸೆಪ್ಟೆಂಬರ್ ೧ರಂದು ಆದ ಮಹಾಭೂಕಂಪದಲ್ಲಿಯೂ ಅದರ ಬೆನ್ನಿಗೇ ಹತ್ತಿದ ಬೆಂಕಿಯಲ್ಲಿಯೂ ಟೋಕಿಯೋದ ಮರದ ಮನೆಗಳು ಲಕ್ಷಗಟ್ಟಲೆ ನಾಶವಾದವು. ಮರುವರ್ಷ ಸ್ಥಾಪಿತವಾದ ‘ದೋಜುನ್‌ಕಾಯ್’ ಎಂಬ ಸಂಸ್ಥೆಯು ಬೆಂಕಿಗೆ ಅಂಜದ ಕಾಂಕ್ರೀಟಿನ ಅಂತಸ್ತುಮನೆಗಳನ್ನು ಕಟ್ಟಿಸಿತು. ಅವುಗಳಲ್ಲಿ ಕಡೆಯದು ೨೦೧೩ರಲ್ಲಿ ಕೆಡವಲ್ಪಟ್ಟಿತು. ೧೯೪೫ರ ಮಾರ್ಚಿಯ ಬಾಂಬುದಾಳಿಯಲ್ಲಿ ನಗರದ ಪೂರ್ವಭಾಗವು ಬಹುಮಟ್ಟಿಗೆ ಸುಟ್ಟುಹೋಯಿತು. ಮನೆಯಿಲ್ಲದವರಿಗೆ ಬೇಗನೆ ಮನೆ ಮಾಡಿಕೊಡಬೇಕಾಗಿ ಬಂದಾಗ, ೧೯೫೧ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ವಾಸ್ತುಶಿಲ್ಪಿಗಳು ಒಂದು ಸಣ್ಣ ನಕ್ಷೆಯನ್ನು ರಚಿಸಿದರು. ಮನೆ ಎಷ್ಟೇ ಚಿಕ್ಕದಾಗಲಿ, ಉಣ್ಣುವ ಸ್ಥಳವೂ ಮಲಗುವ ಸ್ಥಳವೂ ಬೇರೆಯಾಗಿರಬೇಕೆಂಬುದು ಅದರ ತತ್ತ್ವ. ೧೯೫೫ರಲ್ಲಿ ಹುಟ್ಟಿದ ವಸತಿ ನಿಗಮವು ಅಂಥ ಮನೆಗಳನ್ನು ಸಾವಿರಗಟ್ಟಲೆ ಕಟ್ಟಿಸಿತು. ದೇಶ ಶ್ರೀಮಂತವಾಯಿತು, ಮನೆ ಮಾತ್ರ ಅಷ್ಟಾಗಿ ಬೆಳೆಯಲಿಲ್ಲ. ೧೯೭೯ರಲ್ಲಿ ಯೂರೋಪಿನವರ ಒಂದು ವರದಿಯು ಜಪಾನೀಯರ ಮನೆಗಳನ್ನು ಮೊಲದ ಗೂಡುಗಳೆಂದು ಹಳಿಯಿತು. ಜಪಾನೀಯರೂ ಆ ಮಾತನ್ನು ಹಿಡಿದುಕೊಂಡು ತಮ್ಮನ್ನು ತಾವೇ ಹಾಸ್ಯಮಾಡಿಕೊಂಡರು.

ಇಷ್ಟು ಸಣ್ಣ ಮನೆಯೂ ಸುಲಭವಾಗಿ ದೊರೆಯುವುದೆಂದು ಯಾರೂ ಭಾವಿಸಬಾರದು. ಠೇವಣಿಯಲ್ಲದೆ, ಮನೆಯ ಯಜಮಾನನಿಗೆ ಕೃತಜ್ಞತೆಯ ಕಾಣಿಕೆಯೆಂದು ಹಿಂದಿರುಗಿ ಬಾರದ ಹಣವನ್ನು ಅನೇಕ ಕಡೆ ಕೊಡಬೇಕು; ಜಾಮೀನು ನಿಲ್ಲುವವರು ಬೇಕು. ಅನೇಕ ಸಣ್ಣ ಕೋಣೆಗಳನ್ನು ಒಬ್ಬರಿಗೆ ಮಾತ್ರ ಕೊಡುವರು, ಇಬ್ಬರೆಂದೊಡನೆ ತಲೆಯಾಡಿಸುವರು. ವಿದೇಶೀಯರೆಂಬ ಕಾರಣದಿಂದಲೇ ಇಲ್ಲವೆನ್ನುವುದೂ ಉಂಟು. ೨೦೧೭ರಲ್ಲಿ ಅಲ್ಲಿಯ ನ್ಯಾಯಶಾಖೆಯು ಪ್ರಕಟಿಸಿದ ವಿಚಾರಣೆಯಂತೆ, ಮನೆ ಹುಡುಕಿದ ವಿದೇಶೀಯರಲ್ಲಿ ನೂರಕ್ಕೆ ಸುಮಾರು ೪೦ ಮಂದಿ ಹಾಗೆ ನಿರಾಕರಿಸಲ್ಪಟ್ಟವರು. ನಮಗೂ ಎರಡು ಕಡೆ ಆ ಅನುಭವವಾಯಿತು. ಕೊನೆಗೆ ಎದೋಗಾವಾ ವಿಭಾಗದ ನಿಶಿಕಸಾಯಿಯ ಬಳಿ ಒಂದು ಕೋಣೆ ಸಿಕ್ಕಿತು. ೨೦೦೦ದ ಆಸುಪಾಸಿನಿಂದ ಭಾರತೀಯ ಎಂಜಿನಿಯರುಗಳು ಬಂದು ನೆಲಸಿರುವ ಪ್ರದೇಶವಾದುದರಿಂದ ಅಲ್ಲಿ ಉದ್ದಿನಬೇಳೆಯೂ ಹುಣಿಸೆಹಣ್ಣೂ ಅಂಗಡಿಯಲ್ಲಿ ದೊರೆಯುತ್ತವೆ.

ಒಳಹೊಕ್ಕ ಮೇಲೆ ಮೊದಲ ಪಾಠವು ವಸ್ತುಗಳದು. ನಮ್ಮ ದೇಶದಲ್ಲಿ ವಸ್ತುಗಳಿಗೆ ಸ್ಥಳವುಂಟು. ಅಟ್ಟದ ಮೇಲೆ ಏನಿದೆಯೆಂಬುದು ಮನೆಯ ಯಜಮಾನನಿಗೂ ತಿಳಿಯದು. ಆರು ಚಾಪೆಯಲ್ಲಿ ವಸ್ತುಗಳಿಗೆ ಸ್ಥಳವಿಲ್ಲ, ಹೊತ್ತು ಮಾತ್ರ ಉಂಟು. ಬೆಳಗ್ಗೆ ಹಾಸಿಗೆಯನ್ನು ಮಡಿಸಿ ಗೋಡೆಯೊಳಗಿನ ಬೀರುವಿನಲ್ಲಿಟ್ಟರೆ ಮಲಗುವ ಮನೆ ಮಾಯವಾಗುತ್ತದೆ. ಮೂಲೆಯ ಹಲಗೆಯ ಮೇಲೆ ದೀಪ ಹಚ್ಚಿದರೆ ಅದು ದೇವರ ಮನೆ. ಮಡಿಸುವ ಕಾಲಿನ ಮೇಜನ್ನು ನಡುವೆ ನಿಲ್ಲಿಸಿದರೆ ಊಟದ ಮನೆ. ತಟ್ಟೆ ತೆಗೆದು ಮಕ್ಕಳ ಲೇಖನ ಪುಸ್ತಕಗಳನ್ನು ಇಟ್ಟರೆ ಪಾಠಶಾಲೆ. ರಾತ್ರಿ ಮೇಜು ಬೀರುವಿಗೆ ಹೋಗುತ್ತದೆ, ಹಾಸಿಗೆ ಹೊರಗೆ ಬರುತ್ತದೆ. ನಾಲ್ಕು ಕೋಣೆಗಳ ಮನೆಯನ್ನು ಅಕ್ಕಪಕ್ಕದಲ್ಲಿ ಇಡದೆ ಒಂದರ ಹಿಂದೊಂದಾಗಿ ಇಟ್ಟಂತೆ.

ಇದು ವಿದೇಶದ ವಿಚಿತ್ರವೆಂದು ನಗುವುದಕ್ಕೆ ಕಾರಣವಿಲ್ಲ. ನಮ್ಮ ಅಜ್ಜಿಯರ ಮನೆಯಲ್ಲಿ ಮಲಗುವ ಮನೆ ಎಂಬ ಹೆಸರಿನ ಕೋಣೆ ಎಷ್ಟಿದ್ದವು? ಹಜಾರದಲ್ಲಿ ಸಾಲಾಗಿ ಹಾಸಿಗೆ ಬಿಡಿಸುತ್ತಿದ್ದರು. ಬೆಳಗಾದರೆ ಸುತ್ತಿ ಹಾಸಿಗೆಗೂಡಿನಲ್ಲಿ ಒಟ್ಟುತ್ತಿದ್ದರು. ಅದೇ ಹಜಾರದಲ್ಲಿ ಮಧ್ಯಾಹ್ನ ಎಲೆ ಹಾಕುತ್ತಿದ್ದರು. ಮಂಚವು ನಮ್ಮ ನಡುತರದ ಸಂಸಾರಗಳಿಗೆ ಆಮೇಲೆ ಬಂದು, ಹಗಲು ಹದಿನಾರು ಗಂಟೆಗಳ ಕಾಲ ಯಾರನ್ನೂ ಹೊರದೆ ಸ್ಥಳವನ್ನು ತಿನ್ನುತ್ತ ನಿಂತಿರುವ ಸಾಮಾನು. ಹಾಸಿಗೆಯಿದ್ದಷ್ಟು ಕಾಲು ಚಾಚೆಂದು ಗಾದೆಯುಂಟಷ್ಟೆ. ಕಾಲು ಚಾಚಿಯಾದ ಮೇಲೆ ಹಾಸಿಗೆಯನ್ನು ಸುತ್ತಿಡು ಎಂಬುದನ್ನೂ ಅದಕ್ಕೆ ಸೇರಿಸಬಹುದು.

ಎರಡನೆಯ ಪಾಠ ನೀರು, ಹೊಗೆ, ಶಬ್ದಗಳದು. ಹಾಸಿಗೆಯನ್ನು ನೆಲದ ಮೇಲೆಯೇ ಬಿಟ್ಟರೆ ಮೈಯ ಬೆವರಿನಿಂದ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ಜೂನ್ ತಿಂಗಳಲ್ಲಿ ಅವರ ಮಳೆಗಾಲ ಹಿಡಿದಾಗಲಂತೂ ಬೀರುವಿನ ಬಾಗಿಲನ್ನು ತೆರೆದಿಟ್ಟು ಗಾಳಿಯಾಡಿಸಬೇಕು. ಬಿಸಿಲು ಬಂದ ದಿನ ಹಾಸಿಗೆಯನ್ನು ಮೊಗಸಾಲೆಯ ಕಂಬಿಗೆ ಹಾಕಬೇಕು. ಒಗ್ಗರಣೆಯ ಹೊಗೆ ಹತ್ತು ಹೆಜ್ಜೆಯಲ್ಲಿ ಹಾಸಿಗೆಯನ್ನು ಸೇರುತ್ತದೆ. ಆದುದರಿಂದ ಹಾಸಿಗೆ ಒಳಗೆ ಹೋದ ಮೇಲೆಯೇ ಸಾಸಿವೆ ಸಿಡಿಯಬೇಕು. ಗೋಡೆಗಳು ತೆಳು, ರುಬ್ಬುವ ಯಂತ್ರವನ್ನು ಬೆಳಗ್ಗೆ ಎಂಟರೊಳಗೂ ರಾತ್ರಿ ಎಂಟರ ಮೇಲೂ ತಿರುಗಿಸಬಾರದು, ಸ್ತೋತ್ರಪಾಠವೂ ಅಷ್ಟೆ, ತುಟಿಯೊಳಗೆ ಆಗಬೇಕು. ಕಸವನ್ನು ಸುಡತಕ್ಕದ್ದು, ಸುಡಬಾರದ್ದು, ಶೀಷೆ, ಡಬ್ಬಿ, ಕಾಗದವೆಂದು ಬೇರ್ಪಡಿಸಿ ಗೊತ್ತಾದ ದಿನದಲ್ಲಿಯೇ ಹೊರಗಿಡಬೇಕು; ದಿನ ತಪ್ಪಿದರೆ ಕಸವು ಮನೆಯ ಮೂರನೆಯ ವ್ಯಕ್ತಿಯಾಗಿ ಜೊತೆಯಲ್ಲಿ ವಾಸಮಾಡುತ್ತದೆ. ಎತ್ತರದ ಬೀರುಗಳನ್ನು ಗೋಡೆಗೆ ಬಿಗಿಯಬೇಕು. ಮಲಗುವಾಗ ತಲೆಯ ಮೇಲುಗಡೆ ಭಾರವಾದ ಏನನ್ನೂ ಇಡಕೂಡದು. ಭೂಮಿ ನಡುಗುವ ದೇಶದಲ್ಲಿ ಸಾಮಾನು ಕಡಮೆಯಿರುವುದು ಸೌಂದರ್ಯ ಮಾತ್ರವಲ್ಲ, ಪ್ರಾಣರಕ್ಷಣೆ.

ಈ ಎರಡು ಪಾಠಗಳನ್ನು ಒಂದು ತಿಂಗಳಲ್ಲಿ ಕಲಿಯಬಹುದು. ಮೂರನೆಯದು ಮನಸ್ಸಿನದು, ಅದಕ್ಕೆ ಹೆಚ್ಚು ಕಾಲ ಬೇಕು.

ನಮ್ಮ ಮನೆಗಳಲ್ಲಿ ಇಬ್ಬರಿಗೆ ಮಾತು ಬೆಳೆದರೆ ಒಬ್ಬರು ಜಗಲಿಗೆ ಹೋಗುವರು, ಒಬ್ಬರು ಹಿತ್ತಲಿಗೆ ಹೋಗುವರು. ಮಧ್ಯದ ನಡುಮನೆಯೇ ಆ ಜಗಳವನ್ನು ತಣಿಸುತ್ತದೆ. ಆರು ಚಾಪೆಯಲ್ಲಿ ಜಗಲಿಯೂ ಇಲ್ಲ, ಹಿತ್ತಲೂ ಇಲ್ಲ. ಒಬ್ಬರು ಉಸಿರುಬಿಟ್ಟರೆ ಇನ್ನೊಬ್ಬರು ಅದಕ್ಕೆ ಅರ್ಥಮಾಡುವರು. ನಾವಾದರೋ ಬೆಳಗ್ಗೆ ಎದ್ದು ಶಾಲೆಗೆ ಹೋಗಿ ವಿಶಾಲವಾದ ತರಗತಿಗಳಲ್ಲಿ ದಿನವನ್ನು ಕಳೆದು ಸಂಜೆಗೆ ಹಿಂದಿರುಗುತ್ತಿದ್ದೆವು. ನಮಗೆ ಅದು ರಾತ್ರಿಯ ಬಿಡಾರ. ಗೃಹಿಣಿಗೆ ಅದೇ ಲೋಕ. ಭಾಷೆ ತಿಳಿಯದು, ಮಗಳು ದೂರದಲ್ಲಿ, ನೆರೆಯವರು ಎದುರಾದರೆ ತಲೆಬಾಗಿ ಹೊರಟುಹೋಗುವರು. ಮೂರು ತಿಂಗಳು ಕಳೆದ ಮೇಲೆ ಒಂದು ದಿನ ಆಕೆ ಬೇಸರವಿಲ್ಲದ ಧ್ವನಿಯಲ್ಲಿಯೇ ಹೇಳಿದಳು: “ಮನೆ ಸಣ್ಣದೆಂದು ನನಗೆ ತೋರುವುದಿಲ್ಲ, ಹಗಲು ದೊಡ್ಡದು.” ಸಣ್ಣ ಮನೆಯ ವಿಷಯವಾಗಿ ನಾವು ಓದಿದ ಮತ್ತು ಕೇಳಿದ ಮಾತುಗಳಲ್ಲಿ ಇದಕ್ಕಿಂತ ಸತ್ಯವಾದುದಿಲ್ಲ.

ಆ ದೇಶದವರು ಇದನ್ನು ಹೇಗೆ ಸಹಿಸುವರೆಂದು ನೋಡಿದಾಗ ಒಂದು ಸಂಗತಿ ತಿಳಿಯಿತು. ಟೋಕಿಯೋದ ಕೋಣೆ ಸಣ್ಣದು. ಏಕೆಂದರೆ ಆ ಮನೆಯ ಉಳಿದ ಕೋಣೆಗಳು ಊರೊಳಗೆ ಹಂಚಿಹೋಗಿವೆ. ಓದುವ ಕೋಣೆಯು ವಿಭಾಗದ ಪುಸ್ತಕಭಂಡಾರದಲ್ಲಿದೆ. ಹಿತ್ತಲು ಅರಾಕಾವಾ ನದಿಯ ದಂಡೆಯಲ್ಲಿದೆ. ಬಚ್ಚಲು ಮನೆಯು ಸಾರ್ವಜನಿಕ ಸ್ನಾನಗೃಹದಲ್ಲಿತ್ತು. ೧೯೬೮ರಲ್ಲಿ ಟೋಕಿಯೋದಲ್ಲಿ ಅಂಥವು ೨,೬೦೦ಕ್ಕೂ ಮಿಕ್ಕಿ ಇದ್ದು, ಮನೆಮನೆಗೂ ಸ್ನಾನದ ಪೆಟ್ಟಿಗೆ ಬಂದ ಮೇಲೆ ಈಗ ೫೦೦ಕ್ಕೂ ಕಡಮೆಯಾಗಿವೆ. ಇದನ್ನರಿತು ನಾವು ಒಂದು ಕಟ್ಟಳೆ ಮಾಡಿಕೊಂಡೆವು. ಸಂಜೆ ಒಂದು ಗಂಟೆ ಕಾಲ ಕೋಣೆಯು ಆಕೆಯೊಬ್ಬಳದೇ. ನಾವು ಪುಸ್ತಕಭಂಡಾರದಲ್ಲಿ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದುವುದು. ಬೆಳಗ್ಗೆ ಆಕೆ ನದಿಯ ದಂಡೆಯಲ್ಲಿ ತಿರುಗಾಡಿ ಬರುವತನಕ ಕೋಣೆ ನಮ್ಮದು. ಜೊತೆಯಲ್ಲಿರುವುದಕ್ಕೆ ಎಷ್ಟು ಸ್ಥಳ ಬೇಕೆಂದು ಎಲ್ಲರೂ ಲೆಕ್ಕ ಹಾಕುವರು. ಒಂಟಿಯಾಗಿರುವುದಕ್ಕೆ ಎಷ್ಟು ಹೊತ್ತು ಬೇಕೆಂಬುದನ್ನೂ ದಂಪತಿಗಳು ಲೆಕ್ಕಹಾಕಬೇಕು.

ಸಣ್ಣ ಮನೆಯನ್ನು ಕುರಿತು ಜಪಾನೀಯರ ಪ್ರಾಚೀನ ಗ್ರಂಥವೊಂದುಂಟು. ಕಾಮೋ ನೋ ಚೋಮೇಯಿ ಎಂಬಾತನು ೧೨೧೨ರಲ್ಲಿ ಬರೆದ ‘ಹೋಜೋಕಿ’ ಎಂಬುದೇ ಅದು. ಕ್ಯೋಟೋದ ಅರ್ಚಕ ಮನೆತನದಲ್ಲಿ ಹುಟ್ಟಿದ ಈತನು ಬೆಂಕಿ, ಸುಂಟರಗಾಳಿ, ಕ್ಷಾಮ, ಭೂಕಂಪಗಳನ್ನು ಕಣ್ಣಾರೆ ಕಂಡು, ವಯಸ್ಸಾದಂತೆಲ್ಲ ಹಿಂದಿನದಕ್ಕಿಂತ ಚಿಕ್ಕ ಮನೆಗೆ ಹೋಗುತ್ತ, ಕಡೆಗೆ ಬೆಟ್ಟದೊಳಗೆ ಹತ್ತಡಿ ಚೌಕದ, ಏಳಡಿಗಿಂತಲೂ ತಗ್ಗಾದ ಗುಡಿಸಲಿನಲ್ಲಿ ನೆಲಸಿದನು. ಹಾಗೆ ನೆಲಸಿ, ಗುಡಿಸಲಿನ ಸುಖವನ್ನು ವರ್ಣಿಸಿ, ಕೊನೆಯಲ್ಲಿ ಆತನಿಗೆ ಒಂದು ಶಂಕೆ ಹುಟ್ಟುತ್ತದೆ: ಈ ಗುಡಿಸಲಿನ ಮೇಲಿನ ಪ್ರೀತಿಯೂ ಒಂದು ಮಮಕಾರವಲ್ಲವೆ? ಉತ್ತರ ಹೇಳದೆಯೇ ಗ್ರಂಥವನ್ನು ಮುಗಿಸುತ್ತಾನೆ. ಅಲ್ಪದಲ್ಲಿ ಬದುಕುತ್ತೇವೆಂಬ ಹೆಮ್ಮೆ ಪಡುವವರೆಲ್ಲರೂ ಓದತಕ್ಕ ಪುಸ್ತಕವದು.

‘ಹೋಜೋ’ ಎಂದರೆ ಹತ್ತಡಿ ಚೌಕವೆಂದು ಅರ್ಥ. ಈ ಅಳತೆಯ ಮೂಲವು ನಮ್ಮ ವೈಶಾಲಿಯಲ್ಲಿದೆ. ವಿಮಲಕೀರ್ತಿಯೆಂಬ ಗೃಹಸ್ಥನ ಕೋಣೆಯ ನಿವೇಶನವನ್ನು ಏಳನೆಯ ಶತಮಾನದಲ್ಲಿ ಚೀನದ ರಾಯಭಾರಿಯೊಬ್ಬನು ಅಳೆದನೆಂದೂ, ಅದು ಅಷ್ಟೇ ಇದ್ದಿತೆಂದೂ ಚೀನದ ಬೌದ್ಧ ಪರಂಪರೆಯು ಹೇಳುತ್ತದೆ. ‘ವಿಮಲಕೀರ್ತಿನಿರ್ದೇಶ’ ಎಂಬ ಸಂಸ್ಕೃತ ಸೂತ್ರವು ನಷ್ಟವಾಯಿತೆಂದೇ ವಿದ್ವಾಂಸರು ತಿಳಿದಿದ್ದರು. ೧೯೯೯ರಲ್ಲಿ ಲ್ಹಾಸಾದ ಪೋತಲ ಅರಮನೆಯಲ್ಲಿ ಅದರ ತಾಳೆಗರಿಯ ಪ್ರತಿಯನ್ನು ಕಂಡುಹಿಡಿದವರು ಟೋಕಿಯೋದ ತೈಶೋ ವಿಶ್ವವಿದ್ಯಾಲಯದ ಪಂಡಿತರೇ. ಅದರಲ್ಲಿ, ವಿಮಲಕೀರ್ತಿಯು ಕಾಯಿಲೆಯಾಗಿ ಬರಿದಾದ ಕೋಣೆಯಲ್ಲಿ ಮಲಗಿರುತ್ತಾನೆ. ನೋಡಬಂದವರು ಎಲ್ಲಿ ಕುಳಿತುಕೊಳ್ಳುವರೆಂದು ಶಾರಿಪುತ್ರನಿಗೆ ಚಿಂತೆ. ನೀನು ಧರ್ಮಕ್ಕಾಗಿ ಬಂದೆಯೋ, ಪೀಠಕ್ಕಾಗಿ ಬಂದೆಯೋ ಎಂದು ಕೇಳಿ, ವಿಮಲಕೀರ್ತಿಯು ಅದೇ ಕೋಣೆಯಲ್ಲಿ ೩೨,೦೦೦ ಸಿಂಹಾಸನಗಳನ್ನು ಹಿಡಿಸುತ್ತಾನೆ. ಕಥೆಯ ಅದ್ಭುತವನ್ನು ಬದಿಗಿಟ್ಟರೂ, ಅದನ್ನು ಮಾಡಿದವನು ಸಂನ್ಯಾಸಿಯಲ್ಲ, ಹೆಂಡತಿ ಮಕ್ಕಳುಳ್ಳ ಗೃಹಸ್ಥನೆಂಬುದನ್ನು ಓದುಗರು ಗಮನಿಸಬೇಕು.

ಗೃಹಸ್ಥನಿಗೆ ಅತಿಥಿಯನ್ನು ಬಿಟ್ಟರೆ ಧರ್ಮವಿಲ್ಲ. ನಮ್ಮ ಕೋಣೆಯಲ್ಲಿ ಕುಳಿತು ಉಣ್ಣುವುದಕ್ಕೆ ಆರು ಮಂದಿಗಿಂತ ಹೆಚ್ಚು ಹಿಡಿಸದು. ಆದಾಗ್ಯೂ ಎರಡನೆಯ ವರ್ಷದಿಂದ ಶನಿವಾರ ಮಧ್ಯಾಹ್ನ ಆ ಪ್ರದೇಶದ ಕನ್ನಡಿಗರ ಮನೆಯ ಮಕ್ಕಳು ನಾಲ್ವರು ಅಕ್ಷರ ಕಲಿಯುವುದಕ್ಕೆ ಬರತೊಡಗಿದರು. ಕಲಿಸುತ್ತಿದ್ದವರು ನಾವಲ್ಲ, ಗೃಹಿಣಿ. ಮಡಿಸುವ ಮೇಜಿನ ನಾಲ್ಕು ಪಕ್ಕಗಳಲ್ಲಿ ನಾಲ್ವರು ಕುಳಿತು ಕಾಗುಣಿತ ಬರೆಯುವರು. ಮುಗಿದ ಮೇಲೆ ಅವಲಕ್ಕಿ. ಹಗಲು ದೊಡ್ಡದೆಂಬ ಮಾತು ಶನಿವಾರದ ಮಟ್ಟಿಗೆ ನಿಂತಿತು. ಸೋಮವಾರದ ಹಗಲು ಹಾಗೆಯೇ ಇತ್ತು.

ಆದರೆ ಎಲ್ಲವೂ ಹೊಂದಿಕೊಂಡಿತೆಂದು ಹೇಳಿ ಓದುಗರನ್ನು ವಂಚಿಸಲಾರೆವು. ಊರಿನಲ್ಲಿ ನಮ್ಮ ತಾಯಿಯವರಿದ್ದರು, ಎಂಬತ್ತನಾಲ್ಕು ವಯಸ್ಸು, ತಮ್ಮನ ಮನೆಯಲ್ಲಿ ವಾಸ. ಒಂದು ಸಾರಿ ಬಂದು ಮೂರು ತಿಂಗಳಿದ್ದು ನೋಡಿಹೋಗಬೇಕೆಂದು ಅವರಿಗೆ ಆಸೆ. ಬಾಡಿಗೆಯ ಕರಾರಿನಂತೆ ಅಲ್ಲಿ ಇಬ್ಬರ ಮೇಲೆ ಮೂರನೆಯವರು ನೆಲಸುವಂತಿಲ್ಲ. ಅದಿರಲಿ, ನೆಲದ ಹಾಸಿಗೆಯಿಂದ ಅವರು ಏಳಲಾರರು; ಸ್ನಾನದ ಪೆಟ್ಟಿಗೆಯ ಎತ್ತರದ ಅಂಚನ್ನು ದಾಟಲಾರರು; ರಾತ್ರಿ ಮೂರು ಬಾರಿ ಎದ್ದರೆ ಎಲ್ಲರೂ ಏಳಬೇಕು. ಮಂಚ ಹಾಕೋಣವೆಂದರೆ ಉಳಿಯುವುದು ನಾಲ್ಕು ಚಾಪೆ. ನಾವಿಬ್ಬರೂ ಕಾಗದದ ಮೇಲೆ ನಕ್ಷೆ ಬರೆದು, ಮಂಚವನ್ನು ಎಲ್ಲ ಗೋಡೆಗಳಿಗೂ ತಿರುಗಿಸಿ ನೋಡಿದೆವು. ದೊಡ್ಡ ಮನೆಗೆ ಹೋದರೆ ಸಂಬಳದಲ್ಲಿ ಅರ್ಧಕ್ಕಿಂತ ಹೆಚ್ಚು ಬಾಡಿಗೆಗೇ ಸಲ್ಲುತ್ತಿತ್ತು. ಸಣ್ಣ ಮನೆಯು ವಸ್ತುಗಳನ್ನು ಬಿಡಿಸಿದಾಗ ನಮಗೆ ಹಗುರವಾಯಿತು. ವೃದ್ಧಾಪ್ಯವನ್ನು ಹೊರಗೆ ನಿಲ್ಲಿಸಿದಾಗ ಭಾರವಾಯಿತು. ಆ ದೇಶದ ಮುದುಕರಲ್ಲಿಯೂ ಒಂಟಿಯಾಗಿ ಬದುಕುವವರು ಬಹು ಮಂದಿಯೆಂಬುದನ್ನು ನೆನೆದಾಗ, ಚಾಪೆಯ ಲೆಕ್ಕದಲ್ಲಿ ಅಂಥವರಿಗೆ ಪಾಲು ಇಟ್ಟಿಲ್ಲವೆಂಬುದು ನಮ್ಮ ಕಣ್ಣಿಗೆ ಬಿದ್ದಿತು. ಎರಡು ವರ್ಷದ ಕರಾರು ಮುಗಿದಾಗ ಶಾಲೆಯವರು ಇನ್ನೊಂದು ವರ್ಷ ಇರಿರೆಂದರು. ನಾವು ವಂದಿಸಿ ಊರಿಗೆ ಹಿಂದಿರುಗಿದೆವು. ಈಗ ತಾಯಿಯವರ ಮಂಚ ನಮ್ಮ ಹಜಾರದಲ್ಲಿದೆ.

ಪರದೇಶಕ್ಕೆ ಪಾಠ ಹೇಳಲು ಹೋಗುವುದು ನಮ್ಮವರಿಗೆ ಹೊಸತಲ್ಲ. ೭೩೬ರಲ್ಲಿ ಬೋಧಿಸೇನನೆಂಬ ಭಾರತೀಯ ಭಿಕ್ಷುವು ಚೀನದ ಮಾರ್ಗವಾಗಿ ಜಪಾನಿಗೆ ಹೋಗಿ, ನಾರಾ ನಗರದ ದೈಆನ್‌ಜಿ ವಿಹಾರದಲ್ಲಿದ್ದು ಸಂಸ್ಕೃತವನ್ನು ಕಲಿಸಿ, ೭೫೨ರಲ್ಲಿ ಅಲ್ಲಿಯ ಮಹಾಬುದ್ಧ ವಿಗ್ರಹಕ್ಕೆ ನೇತ್ರೋನ್ಮೀಲನ ಮಾಡಿ, ೭೬೦ರಲ್ಲಿ ಅಲ್ಲಿಯೇ ತೀರಿಕೊಂಡನು. ಆತನು ಭಿಕ್ಷು, ಹಿಂದೆ ನೋಡಬೇಕಾದ ಮನೆ ಆತನಿಗಿರಲಿಲ್ಲ. ಗೃಹಸ್ಥರಾದವರು ಲೆಕ್ಕವನ್ನು ಬೇರೆಯಾಗಿ ಹಾಕಬೇಕು.

ಆದುದರಿಂದ ಹೊರಡುವವರಿಗೆ ನಾವು ಹೇಳತಕ್ಕದ್ದಿಷ್ಟು. ಕರಾರಿಗೆ ರುಜು ಹಾಕುವ ಮುನ್ನ ಸಂಬಳವನ್ನು ಕೇಳಿದಂತೆಯೇ ಮನೆಯ ಅಳತೆಯನ್ನೂ, ಎಷ್ಟು ಮಂದಿ ಇರಬಹುದೆಂಬುದನ್ನೂ ಬರವಣಿಗೆಯಲ್ಲಿ ಕೇಳಿರಿ. ಆ ಅಳತೆಯನ್ನು ನಿಮ್ಮ ಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು, ಅದರೊಳಗೆ ಒಂದು ಭಾನುವಾರ ಬದುಕಿ ನೋಡಿರಿ. ಜೊತೆಯಲ್ಲಿ ಬರುವವರಿಗೆ ಹಗಲಿನಲ್ಲಿ ಏನು ಕೆಲಸವೆಂಬುದನ್ನು ನಿಮ್ಮ ಕೆಲಸದಷ್ಟೇ ಗಂಭೀರವಾಗಿ ಮೊದಲೇ ಯೋಚಿಸಿರಿ. ಸಾಮಾನಿನಲ್ಲಿ ಅರ್ಧವನ್ನು ಇಲ್ಲಿಯೇ ಬಿಡಿರಿ. ದೀಪವನ್ನೂ, ಅತಿಥಿಗೆ ಕೊಡತಕ್ಕ ಎರಡು ಲೋಟಗಳನ್ನೂ ಬಿಡಬೇಡಿರಿ. ವಸ್ತುಗಳನ್ನು ಹೊರಗಿಟ್ಟು ಮನೆಯನ್ನು ಹಿಗ್ಗಿಸಬಹುದು. ಮನುಷ್ಯರನ್ನು ಹೊರಗಿಟ್ಟ ಮನೆಯು ಎಷ್ಟು ಅಂಕಣದ್ದಾದರೂ ಇಕ್ಕಟ್ಟೇ. ಮನೆಯಲ್ಲಿ ವೃದ್ಧರಿದ್ದರೆ, ಹಿಂದಿರುಗುವ ತಿಂಗಳನ್ನು ಹೊರಡುವ ದಿನವೇ ಗೊತ್ತುಮಾಡಿಕೊಂಡು, ಅದನ್ನು ಅವರ ಕಿವಿಯಲ್ಲಿ ಹೇಳಿ ಹೊರಡಿರಿ.